ಅಟ್ಟದ ಸದ್ದಿಗೆ ಮೊದಲು ಗಡಿಯಾರ, ಆಮೇಲೆ ನಿಮಿತ್ತ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೆಂಚಿನ ಮನೆಗಳಲ್ಲಿ ‘ಮನೆ ಸರಿಯಿಲ್ಲ’ ಎಂಬ ಮಾತು ಹುಟ್ಟುವ ಬಗೆ ಹೆಚ್ಚುಕಡಿಮೆ ಒಂದೇ. ಅಟ್ಟದ ಮೇಲೆ ಯಾರೋ ನಡೆದ ಹಾಗಾಯಿತು. ಬಚ್ಚಲ ನಲ್ಲಿ ತನ್ನಷ್ಟಕ್ಕೆ ಬುಸುಗುಟ್ಟಿತು. ನಡುಮನೆಯ ದೀಪ ಸಣ್ಣಗಾಗಿ ಮತ್ತೆ ದೊಡ್ಡದಾಯಿತು. ಅಜ್ಜಿಗೆ ಅಂಗಳದಲ್ಲಿ ಯಾರೋ ನಿಂತದ್ದು ಕಂಡಿತು. ಮಾರನೇ ದಿನ ಊರ ದೇವತೆ ಚೌಡಿಗೆ ಹರಕೆ, ಅದರ ಮಾರನೇ ದಿನ ನಿಮಿತ್ತ ಕೇಳಲು, ಅಂದರೆ ದೋಷವೇನೆಂದು ಬಲ್ಲವರಲ್ಲಿ ವಿಚಾರಿಸಲು, ಹೊರಡುವ ತಯಾರಿ. ಹರಕೆ ಬೇಡ ಅನ್ನುವುದು ಈ ಲೇಖನದ ಕೆಲಸವಲ್ಲ. ಆದರೆ ಮೇಲಿನ ನಾಲ್ಕಕ್ಕೂ ನಾಲ್ಕು ಬೇರೆ ಕಾರಣಗಳಿರುವ ಸಾಧ್ಯತೆಯೇ ಹೆಚ್ಚು, ಮತ್ತು ಅವುಗಳಲ್ಲಿ ಒಂದು ಜೀವ ತೆಗೆಯುವಂಥದ್ದೂ ಆಗಿರಬಹುದು. ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ಮನೆ ಸರಿಯಿಲ್ಲ’ ಅಂದುಬಿಟ್ಟರೆ ಆ ಅಪಾಯವೂ ಗಂಟಿನೊಳಗೇ ಕೂತಿರುತ್ತದೆ.

ಹುಡುಕುವ ಕೆಲಸ ಒಂದು ಹಳೇ ನೋಟ್‌ಬುಕ್ಕಿನಿಂದ ಶುರುವಾಗಲಿ. ಆರು ಕಲಂ ಎಳೆದುಕೊಳ್ಳಿ: ಗಂಟೆ-ನಿಮಿಷ, ಮನೆಯ ಯಾವ ಭಾಗ, ಎಷ್ಟು ಹೊತ್ತು ಇತ್ತು, ಹೊರಗೆ ಮಳೆಯೋ ಗಾಳಿಯೋ ಹಗಲೆಲ್ಲ ಬಿಸಿಲಿತ್ತೋ, ಕರೆಂಟ್ ಇತ್ತೋ ಇಲ್ಲವೋ, ಆಗ ಮನೆಯವರು ಯಾರು ಎಲ್ಲಿದ್ದರು. ಕನಿಷ್ಠ 14 ರಾತ್ರಿ ಬರೆಯಬೇಕು. ಬೆಳಿಗ್ಗೆ ಎದ್ದು ನೆನಪಿನಿಂದ ಬರೆದರೆ ಎಲ್ಲವೂ ‘ರಾತ್ರಿ ಮೂರು ಗಂಟೆ ಹೊತ್ತಿಗೆ’ ಆಗಿಬಿಡುತ್ತದೆ. ಫೋನಿನಲ್ಲಿ ಗಂಟೆ ನೋಡಿ ಆಗಲೇ ಗೀಚಬೇಕು. ಕಾಫಿ ಕುಡಿಯುತ್ತ ಮಾತಾಡಿಕೊಂಡ ಮೇಲೆ ಬರೆದರೆ ಐದು ಜನ ಕೇಳಿದ್ದು ಒಂದೇ ಕಥೆಯಾಗುತ್ತದೆ; ಬಾಯಿ ಬಿಡುವ ಮುಂಚೆ ಬೇರೆ ಬೇರೆ ಕೂತು ಬರೆಯಬೇಕು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಏನೂ ಆಗದ ರಾತ್ರಿಯನ್ನು ಬರೆಯದೇ ಬಿಡುವಲ್ಲಿ. ಅಮಾವಾಸ್ಯೆಗೆ ಆದದ್ದು ಮಾತ್ರ ನೆನಪಿದ್ದರೆ ಅಮಾವಾಸ್ಯೆಗೇ ಆಗುತ್ತದೆ ಅನ್ನಿಸುತ್ತದೆ. ತದಿಗೆಗೂ ಏಕಾದಶಿಗೂ ಆದದ್ದು, ಅಮಾವಾಸ್ಯೆ ಸುಮ್ಮನೆ ಕಳೆದದ್ದು ಪುಸ್ತಕದಲ್ಲಿದ್ದರೆ ಲೆಕ್ಕ ಬೇರೆ.

ಗಂಟೆಗೆ ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಮನೆಯ ಒಂದೊಂದು ಸದ್ದಿಗೂ ತನ್ನದೇ ವೇಳೆಯಿದೆ. ಮಾಡು, ಅಂದರೆ ಮನೆಯ ಸೂರು, ತಣಿಯುವುದು ಸಂಜೆ. ಅಟ್ಟದಲ್ಲಿ ಬಿಡಾರ ಹೂಡುವ ಕಬ್ಬೆಕ್ಕು (ಮರಬೆಕ್ಕು) ಹೊರಬೀಳುವುದು ನಿಮ್ಮ ರಾತ್ರಿ ಊಟದ ಹೊತ್ತಿಗೆ, ಮರಳುವುದು ಬೆಳಗಿನ ಜಾವ. ಇಲಿಗೆ ಹೊತ್ತುಗೊತ್ತಿಲ್ಲ. ಪೈಪು ಕೂಗುವುದು ಟ್ಯಾಂಕ್ ತುಂಬುವಾಗ ಅಥವಾ ಬರಿದಾಗುವಾಗ. ಎದೆಯ ಮೇಲೆ ಯಾರೋ ಕೂತಂತಾಗುವುದು ನಿದ್ದೆಯ ಅಂಚಿನಲ್ಲಿ. ಎರಡು ವಾರದ ಪುಸ್ತಕವನ್ನು ಗಂಟೆಯ ಪ್ರಕಾರ ಮತ್ತೆ ಜೋಡಿಸಿ ಬರೆದರೆ ಅರ್ಧ ಸಾಲುಗಳು ತಾವೇ ಗುಂಪಾಗುತ್ತವೆ.

ಎಲ್ಲಕ್ಕೂ ಮುಂಚೆ ಬೆಂಕಿ ಇರುವ ಜಾಗ

ಮನೆಯೊಳಗೆ ಇಬ್ಬರು ಮೂವರಿಗೆ ಒಟ್ಟಿಗೆ ತಲೆಭಾರ, ವಾಕರಿಕೆ, ಕಾಲು ಸೋತಂತೆ, ಯಾರೋ ಪಕ್ಕದಲ್ಲಿ ನಿಂತಂತೆ; ಹೊರಗೆ ಬಂದು ಒಂದೆರಡು ತಾಸು ಕಳೆದರೆ ಹಗುರ, ಒಳಗೆ ಹೋದರೆ ಮತ್ತದೇ. ಹೀಗಿದ್ದರೆ 14 ರಾತ್ರಿ ಕಾಯಬೇಡಿ. ಅದು ಕಾರ್ಬನ್ ಮಾನಾಕ್ಸೈಡ್ ಇರಬಹುದು. ಇದ್ದಿಲು, ಸೌದೆ, ಗ್ಯಾಸ್, ಡೀಸೆಲ್ ಯಾವುದೇ ಆಗಲಿ, ಗಾಳಿ ಸಾಲದೆ ಉರಿದಾಗ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಿದುಳಿಗೆ ಉಸಿರು ಕಡಿಮೆಯಾದಾಗ ಭಯ, ಗೊಂದಲ ಎರಡೂ ಬರುತ್ತವೆ, ಇಲ್ಲದ್ದೂ ಕಾಣಬಹುದು. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಒಂದು ಕುಟುಂಬದ ವಿವರ ಪ್ರಕಟಿಸಿದ. ಹೆಜ್ಜೆ ಸದ್ದು, ಕಾಣಿಸಿಕೊಳ್ಳುವ ಆಕೃತಿಗಳು, ಎಲ್ಲರಿಗೂ ತಲೆನೋವು, ಕುಂಡದ ಗಿಡಗಳೂ ಬಾಡುತ್ತಿದ್ದವು. ಕೊನೆಗೆ ಸಿಕ್ಕಿದ್ದು ಮನೆ ಬಿಸಿಮಾಡುವ ಕೆಟ್ಟ ಕುಲುಮೆ. ಅದರ ಹೊಗೆ ಚಿಮಣಿಗೆ ಹೋಗದೆ ಕೋಣೆಗಳಿಗೆ ಬರುತ್ತಿತ್ತು.

ನಮ್ಮಲ್ಲಿ ಕುಲುಮೆಯಿಲ್ಲ, ಆಷಾಢದ ಮಳೆಯಿದೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯಲ್ಲಿ ಕಿಟಕಿ ತೆರೆಯುವವರು ಯಾರು? ಒದ್ದೆ ಬಟ್ಟೆ ಒಣಗಿಸಲು, ಬಾಣಂತಿ ಕೋಣೆ ಬೆಚ್ಚಗಿಡಲು ಕೆಂಡದ ಬಾಣಲೆ ಒಳಗೆ ಬರುತ್ತದೆ. ಹೊಗೆ ಬಂದರೆ ಕಣ್ಣುರಿದು ಗೊತ್ತಾಗುತ್ತದೆ. ಹೊಗೆಯಾಡದ ನಿಗಿನಿಗಿ ಕೆಂಡವೇ ಹೆಚ್ಚು ಮೋಸ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್, ಕರೆಂಟ್ ಹೋದಾಗ ಜಗಲಿಯ ಮೂಲೆಯಲ್ಲಿ ಓಡಿಸುವ ಜನರೇಟರ್ ಇದೇ ಜಾತಿ. ಬೆಂಕಿ ಹೊರಗೆ ಹಾಕಿ, ಎದುರುಬದುರು ಎರಡು ಕಿಟಕಿ ತೆರೆಯಿರಿ, ತಲೆ ತಿರುಗುವವರನ್ನು ಅಂಗಳಕ್ಕೆ ತನ್ನಿ, ಆಸ್ಪತ್ರೆಗೆ ಹೊರಡಿ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ನಂಬಬೇಡಿ. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನೂ ಅದಕ್ಕೆ ಕೆಂಪಾಗಿಯೇ ಕಾಣುವುದರಿಂದ ಆರಾಮಾಗಿ 98 ತೋರಿಸಿಬಿಡುತ್ತದೆ. ಆಸ್ಪತ್ರೆಯಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್ (ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್) ಪರೀಕ್ಷೆ ಆಗುತ್ತದೆಯೇ ಎಂದು ಕೇಳಿ, ಅದೂ ಅದೇ ದಿನ; ಬರೀ ಗಾಳಿಯಲ್ಲೇ ಆ ಅಂಶ 4–5 ತಾಸಿಗೊಮ್ಮೆ ಅರ್ಧಕ್ಕಿಳಿಯುವುದರಿಂದ ಮಾರನೇ ದಿನ ಏನೂ ಸಿಗದಿರಬಹುದು. ಮಲಗುವ ಕೋಣೆಗೆ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಹಾಕಿದರೆ ಒಳ್ಳೆಯದು. ಹೊಗೆ ಅಲಾರ್ಮ್ ಈ ಕೆಲಸಕ್ಕೆ ಬರುವುದಿಲ್ಲ.

ಕರೆಂಟು ಮತ್ತು ನೀರು

ಒಂದು ಕೋಣೆಯ ಬಲ್ಬು ಉಜ್ವಲ, ಪಕ್ಕದ ಕೋಣೆಯದ್ದು ಮಂಕು, ಫ್ಯಾನು ಇದ್ದಕ್ಕಿದ್ದಂತೆ ಜೋರು. ನೋಡಲು ಮೈ ಜುಮ್ಮೆನ್ನುತ್ತದೆ ನಿಜ. ಪಂಪ್‌ಸೆಟ್ಟಿಗೋ ಹಿಟ್ಟಿನ ಗಿರಣಿಗೋ ತ್ರೀ ಫೇಸ್ ಎಳೆಸಿಕೊಂಡ ಮನೆಗಳಲ್ಲಿ ನ್ಯೂಟ್ರಲ್ ತಂತಿ ಎಲ್ಲೋ ಸಡಿಲಾದಾಗ ಆಗುವುದು ಇದೇ. 230 ವೋಲ್ಟ್ ಬರಬೇಕಾದ ಕಡೆ ಒಂದು ಫೇಸಿಗೆ 300ರ ಮೇಲೆ, ಇನ್ನೊಂದಕ್ಕೆ 150 ಬರಬಹುದು. ಮೇನ್ ಸ್ವಿಚ್ ಆರಿಸಿ ಲೈನ್‌ಮನ್‌ಗೆ ಫೋನ್ ಮಾಡಿ. ಫ್ರಿಜ್ಜು, ಟಿವಿ ಸುಡುವುದು ಆ ಹತ್ತು ನಿಮಿಷದ ತಡದಲ್ಲೇ.

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ನಸುಬೆಳಕು ಬೀರುತ್ತಿದ್ದರೆ ವೈರಿಂಗಿನವರು ಫೇಸಿನ ಬದಲು ನ್ಯೂಟ್ರಲ್ಲನ್ನು ಸ್ವಿಚ್ಚಿಗೆ ಕೊಟ್ಟಿರಬಹುದು, ಅಥವಾ ಸ್ವಿಚ್ಚಿನೊಳಗೇ ಪುಟ್ಟ ಸೂಚಕ ದೀಪವಿರಬಹುದು. ಎರಡನೆಯದು ನಿರುಪದ್ರವಿ, ಮೊದಲನೆಯದು ಬಲ್ಬು ಬದಲಿಸುವವನ ಕೈಗೆ ಅಪಾಯ. ಬಚ್ಚಲ ಗೋಡೆ, ನಲ್ಲಿ, ಹಂಡೆ ಮುಟ್ಟಿದಾಗ ಜುಂ ಅನ್ನುವುದಂತೂ ನೇರವಾಗಿ ಸೋರಿಕೆ. ಜಂಬಿಟ್ಟಿಗೆ ಗೋಡೆ ಮಳೆ ನೀರು ಕುಡಿದಾಗ ಕರೆಂಟು ಅದರಲ್ಲೇ ಹರಿಯುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಸೋರಿದ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇಲ್ಲದಂತಾಗುತ್ತದೆ. ಸುಲಭ ಪರೀಕ್ಷೆಯೊಂದಿದೆ. ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೇನ್ ಮಾತ್ರ ಹಾಕಿಟ್ಟು ಮೀಟರಿನ ಕೆಂಪು ದೀಪವನ್ನು ಕಾಲು ಗಂಟೆ ನೋಡಿ. ಅದು ಮಿನುಗುತ್ತಿದ್ದರೆ ಕರೆಂಟು ಎಲ್ಲೋ ಹೋಗುತ್ತಿದೆ. ಮುಂದಿನದನ್ನು ಎಲೆಕ್ಟ್ರಿಷಿಯನ್ ನೋಡಲಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ.

ಗುಡ್ಡದಿಂದ ಅಬ್ಬಿ ನೀರು ಪೈಪಿನಲ್ಲಿ ಇಳಿದು ಬರುವ ಮನೆಗಳಲ್ಲಿ ನಲ್ಲಿ ಬುಸುಗುಟ್ಟುವುದು, ಉಗುಳುವುದು, ಗೊಳಗೊಳ ಅನ್ನುವುದು ಪೈಪಿನೊಳಗೆ ಸಿಕ್ಕಿದ ಗಾಳಿಯಿಂದ. ಮೇಲೆ ನೀರು ಪೈಪಿಗೆ ಸೇರುವ ತಲೆಗುಂಡಿಯಲ್ಲಿ ಎಲೆ ಕಟ್ಟಿ ನೀರು ಕಡಿಮೆಯಾದಾಗ ಗಾಳಿ ಒಳಗೆ ಹೋಗುತ್ತದೆ, ಪೈಪು ಉಬ್ಬಿ ಹಾಯ್ದ ಜಾಗದಲ್ಲಿ ನಿಲ್ಲುತ್ತದೆ. ಅಂಥ ಎತ್ತರದ ಜಾಗದಲ್ಲಿ ಅರ್ಧ ಇಂಚಿನ ಟಿ ಹಾಕಿ, ತಲೆಗುಂಡಿಯ ಮಟ್ಟಕ್ಕಿಂತ ಮೇಲೆ ಹೋಗುವಂತೆ ಒಂದು ಕೊಳವೆ ನಿಲ್ಲಿಸಿದರೆ ಗಾಳಿ ತಾನೇ ಹೊರಹೋಗುತ್ತದೆ. ಗೋಡೆಯೊಳಗಿನಿಂದ ಯಾರೋ ಗುದ್ದಿದಂತಾಗಿ ಅದು ನಲ್ಲಿ ತಟ್ಟನೆ ನಿಲ್ಲಿಸಿದಾಗ ಮಾತ್ರ ಆಗುತ್ತಿದ್ದರೆ, ಓಡುವ ನೀರು ನಿಂತ ಹೊಡೆತಕ್ಕೆ ಪೈಪು ಜಿಗಿದು ಗೋಡೆಗೆ ಬಡಿದದ್ದು. ಕ್ಲಾಂಪ್ ಬಿಗಿಮಾಡಿ.

ಮಾಡು ಮತ್ತು ಅಟ್ಟ

ಹಗಲು ಬಿಸಿಲಿದ್ದ ದಿನ, ಹೊತ್ತು ಮುಳುಗಿದಲ್ಲಿಂದ ಒಂಬತ್ತರವರೆಗೆ ಟಕ್, ಟಕ್, ಕಿರ್ ಎಂಬ ಸದ್ದು, ಮಳೆ ದಿನ ಇಲ್ಲ. ಪುಸ್ತಕದಲ್ಲಿ ಈ ನಮೂನೆ ಕಂಡರೆ ಅದು ಮಾಡು. ಆರು ಮೀಟರ್ ಉದ್ದದ ಜಿಂಕ್ ಶೀಟು 30 ಡಿಗ್ರಿ ತಣಿದರೆ ಸುಮಾರು 2 ಮಿ.ಮೀ. ಕುಗ್ಗುತ್ತದೆ. ಸ್ಕ್ರೂ ಹಿಡಿದುಕೊಂಡಿರುವುದರಿಂದ ಶೀಟು ನಯವಾಗಿ ಜಾರುವುದಿಲ್ಲ. ಬಿಗಿ ಏರಿ ಏರಿ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಆ ಬಿಡುವೇ ‘ಟಕ್’. ಒಪ್ಪಲು ಮನಸ್ಸಿಲ್ಲದವರಿಗೆ ಒಂದು ಪ್ರಯೋಗ: ಮಧ್ಯಾಹ್ನ ಮೂರಕ್ಕೆ ಕೆಳಗಿನಿಂದಲೇ ಪೈಪು ಹಿಡಿದು ಕಾದ ಶೀಟಿಗೆ ನೀರು ಬಿಡಿ, ಒಳಗೆ ಒಬ್ಬರು ಕಿವಿಗೊಟ್ಟು ಕೂತಿರಲಿ. ರಾತ್ರಿಯ ಸದ್ದು ಹಗಲಲ್ಲೇ ಕೇಳಿಸುತ್ತದೆ.

ಮರದ ಕಥೆ ಬೇರೆ. ಮರಕ್ಕೆ ಬಿಸಿಗಿಂತ ತೇವ ಮುಖ್ಯ, ಹಾಗಾಗಿ ಅದರ ಸದ್ದಿಗೆ ಗಂಟೆಯಲ್ಲ, ತಿಂಗಳು ನೋಡಬೇಕು. ಒಂದಡಿ ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಮೂರು ನಾಲ್ಕು ಮಿ.ಮೀ. ಹಿಗ್ಗಿ ಕುಗ್ಗಬಹುದು. ದೀಪಾವಳಿ ಕಳೆದು ಗಾಳಿ ಒಣಗತೊಡಗಿದಾಗ ತೊಲೆ, ಜಂತಿ, ಬಾಗಿಲ ಚೌಕಟ್ಟು ಮಾತಾಡುವುದು ಹೀಗೆ. ತಾನೇ ತೆರೆದುಕೊಳ್ಳುವ ಬಾಗಿಲಿಗೆ ತೂಕದ ಗುಂಡು ಇಳಿಬಿಟ್ಟು ನೋಡಿ. ಮೇಲಿನ ತಿರುಗಣಿ ಕೆಳಗಿನದಕ್ಕಿಂತ ಎರಡು ಮೂರು ಮಿ.ಮೀ. ಆಚೀಚೆ ಇದ್ದರೂ ಸಾಕು, ಬಾಗಿಲು ಇಳಿಜಾರಿನ ಕಡೆ ಹೋಗುತ್ತದೆ. ಗುಂಡಿನ ದಾರ ನೇರ ಬಂದರೂ ಬಾಗಿಲು ಆಡುತ್ತಿದ್ದರೆ ಗಾಳಿಯ ಸೆಳೆತವಿರಬಹುದು, ಅಡುಗೆಮನೆ ಕಿಟಕಿ ಮುಚ್ಚಿ ಒಂದು ರಾತ್ರಿ ನೋಡಿ.

ತೊಲೆಯೊಳಗಿನಿಂದಲೇ ಬರುವ ಕಿರುಸದ್ದಿಗೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮರಕ್ಕಿಟ್ಟು ಹಿಡಿಯನ್ನು ಕಿವಿಗೊತ್ತಿಕೊಳ್ಳಿ. ಕೆರೆದಂತೆ ನಿರಂತರ ಕೇಳಿಸಿ, ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹುಳ. ಮರವನ್ನು ಬೆರಳಲ್ಲಿ ತಟ್ಟಿದಾಗ ಒಳಗಿನಿಂದ ಸರಸರ ಎಂದು ಉತ್ತರ ಬಂದರೆ ಗೆದ್ದಲು. ಕಾವಲು ಗೆದ್ದಲುಗಳು ಅಪಾಯ ಕಂಡಾಗ ತಲೆಯನ್ನು ಮರಕ್ಕೆ ಕುಟ್ಟಿ ಗೂಡಿಗೆಲ್ಲ ಸುದ್ದಿ ಮುಟ್ಟಿಸುತ್ತವೆ. ತಟ್ಟಿದರೆ ತಿರುಗಿ ತಟ್ಟುವ ಗೋಡೆ ಅಂದರೆ ಭಯ ಬೀಳುವುದು ಸಹಜವೇ. ಭಯ ಬಿದ್ದವರು ತೊಲೆ ಬೀಳುವ ಮುಂಚೆ ಬಡಗಿಯನ್ನು ಕರೆಸಿದರೆ ಸಾಕು.

ಇನ್ನು ನಡಿಗೆಯ ಸದ್ದು. ಹಲಗೆಯ ಅಟ್ಟವೆಂದರೆ ತೊಲೆಗಳ ಮೇಲೆ ಬಿಗಿದ ದೊಡ್ಡ ಮದ್ದಳೆ. ಎರಡರಿಂದ ಐದು ಕೆ.ಜಿ. ತೂಗುವ ಕಬ್ಬೆಕ್ಕು ಅದರ ಮೇಲೆ ನಿಧಾನಕ್ಕೆ ಕಾಲಿಡುತ್ತ ಹೋದರೆ ಕೆಳಗೆ ಮಲಗಿದವರಿಗೆ ಅದು ಮನುಷ್ಯನ ಹೆಜ್ಜೆ. ಮರಬೆಕ್ಕು ಎಂದೂ ಕರೆಯುವ ಈ ಪ್ರಾಣಿಗೆ ಹೆಂಚಿನ ಮಾಡು, ಬಗನಿ ಹಣ್ಣು, ಕಾಫಿ ಹಣ್ಣು ಮೂರೂ ಸಿಗುವ ಮಲೆನಾಡು ತವರು. ಕತ್ತಲಾದ ಮೇಲೆ ಒಮ್ಮೆ, ಬೆಳಗಾಗುವ ಮುಂಚೆ ಒಮ್ಮೆ, ಒಂದೇ ದಿಕ್ಕಿನಿಂದ ಒಂದೇ ದಿಕ್ಕಿಗೆ ನಡೆದ ಸದ್ದಿದ್ದರೆ ಮೊದಲ ಅನುಮಾನ ಇದರದ್ದೇ. ಕೆಲವೊಮ್ಮೆ ಅಟ್ಟದಲ್ಲಿ ಗಂಧಸಾಲೆ ಅಕ್ಕಿ ಬೇಯಿಸಿದಂಥ ಪರಿಮಳವೂ ಬರುತ್ತದೆ, ಅದು ಅದರ ಗ್ರಂಥಿಯ ವಾಸನೆ. ‘ರಾತ್ರಿ ಹೆಜ್ಜೆ ಸದ್ದು, ಜೊತೆಗೆ ಪರಿಮಳ’ ಎಂದ ಕೂಡಲೇ ಮೋಹಿನಿಯ ಹೆಸರೆತ್ತುವವರು ಒಮ್ಮೆ ಅಟ್ಟದ ಮೂಲೆಯಲ್ಲಿ ಹಿಕ್ಕೆ ಹುಡುಕಲಿ: ಒಂದೇ ಜಾಗದಲ್ಲಿ ರಾಶಿ, ತುಂಬ ಇಡೀ ಬೀಜಗಳು.

ಹಿಕ್ಕೆ ಸಿಗದಿದ್ದರೆ ಬೂದಿ ಹಲಗೆ ಇಡಿ. ಒಲೆಯ ಬೂದಿಯನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ, ಎರಡಡಿ ಉದ್ದ ಎರಡಡಿ ಅಗಲದ ರಟ್ಟಿನ ಮೇಲೆ ಎರಡು ಮಿ.ಮೀ. ದಪ್ಪಕ್ಕೆ ಹರಡಿ, ರಟ್ಟನ್ನು ಪಕ್ಕದಿಂದ ಮೆಲ್ಲಗೆ ತಟ್ಟಿ ಮಟ್ಟಮಾಡಿ. ಹೀಗೆ ಮೂರು ಹಲಗೆ: ಅಟ್ಟದ ಮೆಟ್ಟಿಲ ಬಾಯಲ್ಲಿ ಒಂದು, ಸದ್ದು ಬರುವ ಜಾಗದಲ್ಲಿ ಒಂದು, ಮಾಡು ಗೋಡೆಗೆ ಕೂಡುವ ಸಂದಿನ ಹತ್ತಿರ ಒಂದು. ರಂಗೋಲಿಗೆ ಕೈ ಪಳಗಿದವರು ಅಕ್ಕಿಹಿಟ್ಟು ಹಾಕಲು ಹೊರಡುತ್ತಾರೆ, ಬೇಡ. ಬೆಳಗಾಗುವಷ್ಟರಲ್ಲಿ ಇರುವೆಯೂ ಇಲಿಯೂ ಹಿಟ್ಟನ್ನೇ ತಿಂದು ಗುರುತು ಅಳಿಸಿರುತ್ತವೆ. ಮಳೆಗಾಲದಲ್ಲಿ ಬೂದಿ ತೇವ ಎಳೆದು ಗಟ್ಟಿಯಾಗುತ್ತದೆ, ಆಗ ಬಾಣಲೆಯಲ್ಲಿ ಬಿಸಿಮಾಡಿ ಆರಿಸಿ ಒಂದು ರಾತ್ರಿಗಷ್ಟೇ ಬಳಸಿ. ಬೆಳಿಗ್ಗೆ ಟಾರ್ಚನ್ನು ನೆಲಮಟ್ಟದಲ್ಲಿ ಅಡ್ಡಲಾಗಿ ಹಿಡಿದರೆ ಗುರುತು ಎದ್ದು ಕಾಣುತ್ತದೆ. ಐದು ಬೆರಳಾದರೆ ಕಬ್ಬೆಕ್ಕು, ನಾಲ್ಕಾದರೆ ನಿಮ್ಮದೋ ನೆರೆಮನೆಯದೋ ಬೆಕ್ಕು. ಮುಂಗಾಲಿಗೆ ನಾಲ್ಕು ಹಿಂಗಾಲಿಗೆ ಐದು ಪುಟ್ಟ ಬೆರಳು, ನಡುವೆ ಬಾಲ ಎಳೆದ ಗೆರೆಯಿದ್ದರೆ ಇಲಿ. ಕಾಲೇ ಇಲ್ಲದ ಅಲೆಯಂಥ ಗೆರೆ ಕಂಡರೆ ಕೆಳಗಿಳಿದು ಬಂದು ಹಾವು ಹಿಡಿಯುವವರಿಗೆ ಹೇಳಿ. ಇಲಿ ಇರುವ ಕಡೆ ಅದು ಬಂದೇ ಬರುತ್ತದೆ, ಹಾಗಾಗಿ ಅಟ್ಟ ಹತ್ತುವಾಗ ಬರಿಗಾಲು ಬೇಡ, ಕೈ ಹಾಕುವ ಮುಂಚೆ ಕೋಲು ಹಾಕಿ.

ಕಬ್ಬೆಕ್ಕು ಎಂದು ಖಾತ್ರಿಯಾದ ಮೇಲೆ ಅವಸರಕ್ಕೆ ಸಂದು ಮುಚ್ಚಿದರೆ ಎರಡು ಕೇಡು. ಒಳಗೇ ಸಿಕ್ಕಿಬಿದ್ದ ಪ್ರಾಣಿ ರೀಪು, ಹೆಂಚು ಕಿತ್ತು ಹಾಕುತ್ತದೆ. ಮರಿಗಳಿದ್ದರೆ ಅಲ್ಲೇ ಸತ್ತು ವಾರಗಟ್ಟಲೆ ನಾರುತ್ತವೆ. ಹಗಲು ಅಟ್ಟದ ದೀಪ ಆರಿಸಿ ಕೂತರೆ ಬೆಳಕು ಬರುವ ಸಂದುಗಳು ತಿಳಿಯುತ್ತವೆ. ಅವಕ್ಕೆ ಸಡಿಲವಾಗಿ ಸೊಪ್ಪು ತುರುಕಿ ಮೂರು ರಾತ್ರಿ ನೋಡಿ. ದಿನಾ ಯಾವುದು ಕೆದರಿರುತ್ತದೋ ಅದೇ ಬಾಗಿಲು. ಮರಿಗಳ ಚೀರಾಟ ಕೇಳಿಸಿದರೆ ಎರಡು ಮೂರು ತಿಂಗಳು ಬಿಟ್ಟುಬಿಡಿ. ಇಲ್ಲದಿದ್ದರೆ ರಾತ್ರಿ ಒಂಬತ್ತರ ಮೇಲೆ ಅದು ಹೊರಗೆ ಹೋದದ್ದನ್ನು ಕಣ್ಣಾರೆ ಕಂಡು ಅರ್ಧ ಇಂಚಿನ ತಂತಿ ಜಾಲರಿ ಬಡಿಯಿರಿ, ಮಾಡಿನ ಮೇಲೆ ಚಾಚಿದ ಕೊಂಬೆಯನ್ನು ಆರೆಂಟು ಅಡಿ ಹಿಂದಕ್ಕೆ ಕಡಿಸಿ. ಕೊಲ್ಲುವುದು, ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಅಟ್ಟದಿಂದ ಗೊರಕೆ ಕೇಳಿಸುತ್ತಿದ್ದರೆ, ಹೌದು ಗೊರಕೆಯೇ, ಕಣಜದ ಗೂಬೆಯ ಮರಿಗಳಿರಬಹುದು. ತಾಯಿ ಇಲಿ ತರುವವರೆಗೂ ಅವು ರಾತ್ರಿಯಿಡೀ ಉಸ್ ಉಸ್ ಅನ್ನುತ್ತಿರುತ್ತವೆ. ಬಿಟ್ಟರೆ ಮನೆಯ ಇಲಿ ಕಡಿಮೆಯಾಗುತ್ತದೆ.

ಹೊರಗಿನದು

ಹೆಂಗಸು ಕಿರುಚಿದಂಥ ಕೂಗಿಗೆ ದಟ್ಟ ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಗೂಬೆಯಿದೆ; ಶ್ರೀಲಂಕಾದಲ್ಲಿ ‘ದೆವ್ವದ ಹಕ್ಕಿ’ಯ ಕೂಗು ಇದರದ್ದೇ ಎಂದು ಹಲವರು ಹೇಳುವ ಅದೇ ಜಾತಿ ಪಶ್ಚಿಮ ಘಟ್ಟದಲ್ಲೂ ಇದೆ. ನಾಯಿಯಲ್ಲದ ನಾಯಿ ಬೊಗಳು ಕಾಡುಕುರಿಯದ್ದು. ಮಳೆಗಾಲದ ಕತ್ತಲಲ್ಲಿ ಸೌದೆ ಕೊಟ್ಟಿಗೆಯ ಒಳಗೆ ತಣ್ಣನೆಯ ಹಸಿರು ಬೆಳಕು ಕಂಡರೆ ಓಡಬೇಡಿ, ಆ ಸೌದೆಯನ್ನು ಕೈಗೆ ತೆಗೆದುಕೊಂಡು ನೋಡಿ. ಕೊಳೆತ ಮರದೊಳಗೆ ಹಬ್ಬಿದ ಶಿಲೀಂಧ್ರ ಗಾಳಿಯ ಆಮ್ಲಜನಕ ಬಳಸಿ ಮಿಂಚುಹುಳದ ಹಾಗೆಯೇ ರಾಸಾಯನಿಕವಾಗಿ ಬೆಳಗುತ್ತದೆ. ಒಣಗಿದರೆ ಆರುತ್ತದೆ, ನೀರು ಚಿಮುಕಿಸಿದರೆ ಮತ್ತೆ ಬರಬಹುದು. ಎಷ್ಟೋ ಕೊಳ್ಳಿದೆವ್ವಗಳ ಗುಟ್ಟು ಇಷ್ಟೇ ಇದ್ದೀತು. ದಸರೆಯಿಂದಾಚೆ ರಾತ್ರಿ ಮಾತ್ರ ಬರುವ ಉಸಿರುಗಟ್ಟಿಸುವ ಹೂವಿನ ವಾಸನೆಗೆ ಹತ್ತಿರದಲ್ಲೆಲ್ಲೋ ಹಾಲೆ ಮರ ಹೂಬಿಟ್ಟಿದೆಯೇ ನೋಡಿ.

ಸಿಸಿಟಿವಿಯಲ್ಲಿ ಬೆಳ್ಳಗೆ ತೇಲುವುದು, ಫೋಟೋದಲ್ಲಿ ಗುಂಡಗಿನ ಬೆಳಕಿನ ಚೆಂಡು ಬರುವುದು, ಎರಡೂ ಮಸೂರಕ್ಕೆ ತೀರ ಹತ್ತಿರವಿರುವ ಜೇಡನ ಎಳೆ, ಹುಳ, ದೂಳು, ಮಂಜಿನ ಹನಿ. ಕ್ಯಾಮೆರಾದ ಸ್ವಂತ ದೀಪ ಅವಕ್ಕೆ ಬಡಿದು ತಿರುಗಿ ಬರುತ್ತದೆ. ಒರೆಸಿ. ‘ದೆವ್ವ ಪತ್ತೆ’ ಆ್ಯಪುಗಳು ತೋರಿಸುವುದು ಫೋನಿನ ಕಾಂತ ಸಂವೇದಕ ಹಿಡಿದದ್ದನ್ನು ಮಾತ್ರ. ಕಬ್ಬಿಣದ ಬೀರು, ಗೋಡೆಯೊಳಗಿನ ವೈರು, ಮಿಕ್ಸಿ ಮೋಟಾರು ಯಾವುದಕ್ಕೂ ಮುಳ್ಳು ಕುಣಿಯುತ್ತದೆ.

ಕಿವಿಗೆ ಕೇಳದ ಕಂಪನದ ಬಗ್ಗೆಯೂ ಅಂತರ್ಜಾಲದಲ್ಲಿ ಬೇಕಾದಷ್ಟಿದೆ. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ತನ್ನ ಪ್ರಯೋಗಾಲಯದ ‘ದೆವ್ವ’ಕ್ಕೆ ಫ್ಯಾನೊಂದರಿಂದ ಎದ್ದ ಸುಮಾರು 19 ಹರ್ಟ್ಸ್‌ನ (ಸೆಕೆಂಡಿಗೆ 19 ಸಲದ) ಕಂಪನ ಕಾರಣವೆಂದು ಬರೆದ. ಕಥೆ ಚೆನ್ನಾಗಿದೆ, ಆದರೆ ಅದೇ ಕಂಪನದಿಂದ ಕಣ್ಣಿಗೆ ಆಕೃತಿ ಕಾಣುತ್ತದೆ ಎನ್ನುವುದಕ್ಕೆ ಆಧಾರ ತೆಳು. ಪಂಪು, ಅಡಿಕೆ ಸುಲಿಯುವ ಯಂತ್ರ ಓಡುವಾಗ ಮಾತ್ರ ಎದೆ ಢವಗುಟ್ಟುತ್ತದೆಯೇ ಎಂದು ಪುಸ್ತಕದಲ್ಲಿ ನೋಡಿ ಮುಂದೆ ಹೋಗಿ.

ಮಲಗಿದವರಿಗೆ, ಮುದುಕರಿಗೆ, ಜ್ವರದವರಿಗೆ ಕಂಡದ್ದು

ಎಚ್ಚರಾಗಿದೆ, ಕೋಣೆ ಕಾಣುತ್ತಿದೆ, ಕೈಕಾಲು ಆಡದು, ಬಾಯಿ ಬಾರದು, ಎದೆ ಮೇಲೆ ಏನೋ ಕೂತಿದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಇದು ನಿದ್ರಾ ಪಾರ್ಶ್ವವಾಯು. ಕನಸು ಬೀಳುವ ಹಂತದಲ್ಲಿ, ಕಂಡದ್ದನ್ನು ಮೈ ಆಡಿಬಿಡದಿರಲೆಂದು ಮಿದುಳು ಸ್ನಾಯುಗಳಿಗೆ ಬೀಗ ಹಾಕುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಬೀಗ ಆಮೇಲೆ ತೆಗೆಯುತ್ತದೆ. ಆ ನಡುವಿನ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ, ಕನಸು ಕಣ್ಣೆದುರಿನ ಕೋಣೆಯೊಳಗೇ ನಡೆಯುತ್ತದೆ. ನೂರರಲ್ಲಿ ಏಳೆಂಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಆಗುವಂಥದ್ದು. ಕನಸಿನ ಹಂತ ರಾತ್ರಿಯ ಕೊನೆಗೆ ಉದ್ದವಾಗುವುದರಿಂದ ಬೆಳಗಿನ ಜಾವದಲ್ಲಿ ಹೆಚ್ಚು. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇನ್ನೂ ಹೆಚ್ಚು. ಅಡಿಕೆ ಸುಗ್ಗಿಯಲ್ಲಿ ನಡುರಾತ್ರಿವರೆಗೆ ಸುಲಿದು ಮಲಗಿದವರಿಗೆ ಆದರೆ ಆಶ್ಚರ್ಯವಿಲ್ಲ. ಆಗ ಇಡೀ ಮೈ ಎಳೆದಾಡದೆ ಕಾಲಿನ ಕಿರುಬೆರಳೊಂದನ್ನು ಆಡಿಸಲು ನೋಡಿ, ಉಸಿರನ್ನು ನಿಧಾನ ಮಾಡಿ. ಮಗ್ಗುಲಾಗಿ ಮಲಗುವ ಅಭ್ಯಾಸ ಮಾಡಿಕೊಳ್ಳಿ. ಪದೇಪದೇ ಆಗುತ್ತಿದ್ದು ಹಗಲು ಕೂತಲ್ಲೇ ನಿದ್ದೆ ಎಳೆಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಕಣ್ಣು ಮಂಜಾದ ಅಜ್ಜಿಗೆ ಅಂಗಳದಲ್ಲಿ ಪುಟ್ಟ ಪುಟ್ಟ ಮಂದಿ, ಬಣ್ಣದ ಸೀರೆಯುಟ್ಟ ಹೆಂಗಸರು ಕಾಣುತ್ತಾರೆ, ಆದರೆ ಮಾತಾಡುವುದಿಲ್ಲ, ಅವರು ನಿಜವಲ್ಲವೆಂದು ಅಜ್ಜಿಗೂ ಗೊತ್ತು. ಪೊರೆ, ರೆಟಿನಾ ತೊಂದರೆಯಿಂದ ಕಣ್ಣಿನ ಸುದ್ದಿ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ತುಂಬಿಸಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಷಾರ್ಲ್ ಬೋನೆ ತನ್ನ ತಾತನಿಗೆ ಹೀಗಾದದ್ದನ್ನು 1760ರಲ್ಲೇ ಬರೆದಿಟ್ಟಿದ್ದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಬೇಕಾದದ್ದು ಕಣ್ಣಿನ ವೈದ್ಯರು. ‘ತಲೆ ಕೆಟ್ಟಿತು’ ಅಂದಾರೆಂದು ಎಷ್ಟೋ ಮುದುಕರು ಹೇಳಿಕೊಳ್ಳುವುದೇ ಇಲ್ಲ. ತೀರಿಹೋದವರ ಕೆಮ್ಮು, ಹೆಜ್ಜೆ, ಕರೆದ ದನಿ ಕೇಳಿಸುವುದೂ ಕಾಯಿಲೆಯಲ್ಲ. ಡೆವಿ ರೀಸ್ ಎಂಬ ವೈದ್ಯ ವೇಲ್ಸಿನಲ್ಲಿ ಸಂಗಾತಿ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಅನುಭವವಿತ್ತು, ಬಹಳ ಮಂದಿಗೆ ಅದು ಸಮಾಧಾನವನ್ನೇ ಕೊಟ್ಟಿತ್ತು.

ಇವೆರಡರ ಜೊತೆ ಬೆರೆಸಬಾರದ್ದು ಇನ್ನೊಂದಿದೆ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಶುರುವಾದ ಬಡಬಡಿಕೆ, ಮಗನನ್ನೇ ಗುರುತು ಹಿಡಿಯದಿರುವುದು, ಹಗಲು ಸುಮಾರು ಸರಿ ರಾತ್ರಿ ವಿಪರೀತ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ಉಪ್ಪಿನಂಶದ ಏರುಪೇರು ಕೂಡ ಹೀಗೆ ಮಾಡುತ್ತವೆ. ಮಲೆನಾಡಿನಲ್ಲಿ ಮಂಗನ ಕಾಯಿಲೆಯನ್ನೂ ನೆನೆಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಈ ಜ್ವರ ಕೆಲವರಿಗೆ ಒಮ್ಮೆ ಬಿಟ್ಟು ಮೂರನೇ ವಾರದಲ್ಲಿ ಮತ್ತೆ ಬರುತ್ತದೆ, ಆಗ ತಲೆನೋವು, ನಡುಕ, ಮನಸ್ಸಿನ ಗೊಂದಲ, ದೃಷ್ಟಿಯ ತೊಂದರೆ ಜೊತೆಗಿರುತ್ತವೆ. ಬೇಸಿಗೆಗೆ ಮುಂಚೆ ಸೊಪ್ಪಿನ ಬೆಟ್ಟಕ್ಕೆ ದರಕಿಗೆ (ಉದುರಿದ ಒಣ ಎಲೆಗೆ) ಹೋಗಿ ಬಂದವರು, ಜ್ವರ ಬಂದು ಬಿಟ್ಟವರು ‘ಯಾರೋ ಕರೀತಿದಾರೆ’ ಅನ್ನತೊಡಗಿದರೆ ಅದೇ ದಿನ ಆಸ್ಪತ್ರೆ. ದಾರ ಕಟ್ಟಿಸುವುದಿದ್ದರೆ ಆಸ್ಪತ್ರೆಯ ಮಂಚದಲ್ಲೇ ಕಟ್ಟಿಸಿ.

ಕಲ್ಲು ಬಿದ್ದಾಗ

ಮಾಡಿನ ಮೇಲೆ ರಾತ್ರಿ ಕಲ್ಲು ಬೀಳುತ್ತದೆ ಅಂದಾಗ ಬಿದ್ದದ್ದನ್ನು ಹೆಕ್ಕಿ ಬಕೆಟ್ಟಿಗೆ ಹಾಕಿ ತೊಳೆದು ನೋಡಿ. ಬಾವಲಿಗಳು ಸುರಹೊನ್ನೆ, ಕಾಡುಬಾದಾಮಿ, ಹಣ್ಣಡಿಕೆ ಕಚ್ಚಿಕೊಂಡು ತಮ್ಮ ಮರಕ್ಕೆ ಬಂದು, ಸಿಪ್ಪೆ ಚೀಪಿ ಬೀಜ ಬಿಡುತ್ತವೆ. ಆ ಮರ ಮಾಡಿನ ಮೇಲೆ ಬಾಗಿದ್ದರೆ ಶೀಟಿನ ಮೇಲೆ ಅದು ಕಲ್ಲಿನ ಸದ್ದೇ. ಚೀಪಿದ ನಾರು, ಹಲ್ಲಿನ ಗುರುತು ಕಂಡರೆ ಮಾತು ಮುಗಿಯಿತು.

ನಿಜವಾದ ಕಲ್ಲೇ ಆದರೆ ಎಲ್ಲಿಯ ಕಲ್ಲು ಎಂಬುದು ಮುಖ್ಯ. ಅಂಗಳ, ಹಿತ್ತಲು, ದಾರಿಯಂಚಿನ ಕಲ್ಲುಗಳಿಗೆ ಯಾರಿಗೂ ಹೇಳದೆ ಬೇರೆ ಬೇರೆ ಬಣ್ಣದ ಬೊಟ್ಟಿಡಿ: ಅಂಗಳಕ್ಕೆ ಸುಣ್ಣ, ಹಿತ್ತಲಿಗೆ ಕೆಮ್ಮಣ್ಣು, ದಾರಿಗೆ ಇದ್ದಿಲು. ಬೊಟ್ಟು ಅಡಿಮಗ್ಗುಲಿಗಿರಲಿ, ಇದ್ದಿಲಿನದನ್ನು ಮಳೆ ತೊಳೆದೀತು. ಮಾರನೇ ದಿನ ಬಿದ್ದ ಕಲ್ಲಿನ ಬೊಟ್ಟು ಎಲ್ಲಿಂದ ಬಂತೆಂದು ಹೇಳುತ್ತದೆ. ಒಡೆದ ಹೆಂಚು ಮಾಡಿನ ಯಾವ ಮಗ್ಗುಲಲ್ಲಿದೆ, ಶೀಟಿನ ತಗ್ಗು ಯಾವ ಕಡೆಗೆ ಉದ್ದವಾಗಿದೆ ಎಂಬುದೂ ಎಸೆದ ದಿಕ್ಕು ತಿಳಿಸುತ್ತದೆ. ಜಮೀನಿನ ತಗಾದೆ, ಮನೆ ಖಾಲಿ ಮಾಡಿಸುವ ಆಸೆ, ಊರ ಹುಡುಗರ ಚೇಷ್ಟೆ, ಯಾವುದೂ ಇರಬಹುದು. ಆಗ ಬೇಕಾದದ್ದು ಪೊಲೀಸರು.

ಕಷ್ಟದ ಸಂಗತಿ, ಕಲ್ಲು ಒಳಗಿನಿಂದಲೇ ಬಂದಾಗ. ಕಲ್ಲು, ಅನ್ನದಲ್ಲಿ ಮಣ್ಣು, ಹರಿದ ಬಟ್ಟೆ, ಅಲ್ಲಲ್ಲಿ ಹತ್ತಿಕೊಳ್ಳುವ ಬೆಂಕಿ, ಭಾನಾಮತಿಯ ಹೆಸರಿನಲ್ಲಿ ಹೇಳುವ ಇವೆಲ್ಲ ಪುಸ್ತಕದ ಆರನೇ ಕಲಮಿನಲ್ಲಿ ಒಬ್ಬರೇ ವ್ಯಕ್ತಿ ಹತ್ತಿರವಿದ್ದಾಗ ಮಾತ್ರ ಆಗಿ, ಅವರು ನೆಂಟರ ಮನೆಗೆ ಹೋದಾಗ ನಿಂತಿದ್ದರೆ ಕೂಗಾಡಬೇಡಿ, ಊರೆದುರು ಹಿಡಿದುಕೊಡಬೇಡಿ. ಬಹಳ ಸಲ ಅದು ಬಾಯಿ ಬಿಟ್ಟು ಹೇಳಲಾರದ ಸಂಕಟವಿರುವ ಮಗು ಅಥವಾ ಹೊಸದಾಗಿ ಬಂದ ಸೊಸೆ. ಪರೀಕ್ಷೆ, ಇಷ್ಟವಿಲ್ಲದ ಮದುವೆ, ಮನೆಯವರೇ ಯಾರೋ ಕೊಡುತ್ತಿರುವ ಹಿಂಸೆ. ಆ ಕೊನೆಯದನ್ನು ಮರೆಯದೆ ವಿಚಾರಿಸಬೇಕು, ಅದೂ ಮನೆಯವರಲ್ಲದ, ಆಕೆ ನಂಬುವ ಒಬ್ಬರು, ಏಕಾಂತದಲ್ಲಿ. ಯಾರ ಜೊತೆ ಮಾತಾಡಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು, ಹಣ ಬೀಳುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಬರೆ ಎಳೆಯುವುದು 2020ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಜೈಲಿಗೆ ಹೋಗುವ ಅಪರಾಧ. ಮನೆಯ ಪೂಜೆ, ಹರಕೆಗೆ ಆ ಕಾಯ್ದೆ ಅಡ್ಡ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಪುಸ್ತಕದಲ್ಲಿ ಎರಡೋ ಮೂರೋ ಸಾಲು ಉಳಿಯುತ್ತವೆ, ಉಳಿಯದ ಮನೆ ಕಡಿಮೆ. ಒಮ್ಮೆ ಮಾತ್ರ ಆದದ್ದು, ಒಬ್ಬರೇ ಕೇಳಿದ್ದು, ಗಂಟೆ ಬರೆಯದೇ ಬಿಟ್ಟದ್ದು. ಅವುಗಳ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿ, ಪುಸ್ತಕವನ್ನು ಮೀಟರ್ ಬೋರ್ಡಿನ ಹತ್ತಿರದ ಮೊಳೆಗೆ ದಾರ ಕಟ್ಟಿ ತೂಗುಹಾಕಿ. ಮುಂದಿನ ವರ್ಷ ಅದೇ ಮಾಸದಲ್ಲಿ ಮತ್ತೆ ಸದ್ದಾದರೆ ಹೋಲಿಸಲು ಒಂದು ಸಾಲಾದರೂ ಇರುತ್ತದೆ.